ಕಾಟೇಜ್ ಆಮೇಲೆ, ಮೊದಲು ಒರತೆ: ಒಂದು ಮನೆತನದ ಸಫಾರಿ ಕಾಡಿನ ಲೆಕ್ಕ

ತಮಿಳುನಾಡಿನ ಗಡಿಯ ತಾಳವಾಡಿ ಕಡೆ ಕಾಡಂಚಿನ ಜಮೀನೊಂದು ಮಾರಾಟಕ್ಕೆ ಬಂದರೆ ಸಾಕು, ನೋಡಲು ಬಂದವರು ಹಳ್ಳ ಎಲ್ಲಿ ಹರಿಯುತ್ತದೆ ಅಂತ ಕೇಳುವುದಿಲ್ಲ, ಎಷ್ಟು ಕಾಟೇಜ್ ಎಬ್ಬಿಸಬಹುದು ಅಂತ ಕೇಳುತ್ತಾರೆ. ಜೊತೆಗೆ ಒಂದು ಉದಾಹರಣೆಯೂ ನಾಲಿಗೆ ತುದಿಯಲ್ಲೇ ಇರುತ್ತದೆ: ‘ಆಫ್ರಿಕಾದಲ್ಲಿ ಒಂದೊಂದು ಮನೆಯವರೇ ಸಫಾರಿ ಕಾಡು ಇಟ್ಕೊಂಡಿದ್ದಾರೆ, ಒಬ್ಬರಿಗೆ ಒಂದು ರಾತ್ರಿಗೆ ಸಾವಿರ ಡಾಲರ್ ಮೇಲೆ ತಗೋತಾರೆ.’ ಮಾತು ಸುಳ್ಳಲ್ಲ. ಆದರೆ ಆ ಸಾವಿರ ಡಾಲರಿನ ಹಿಂದೆ ಏನೇನು ಕೆಲಸ ನಡೆದಿತ್ತು ಎಂಬ ಭಾಗವನ್ನು ಹೇಳುವವರು ಕಡಿಮೆ. ದಕ್ಷಿಣ ಆಫ್ರಿಕಾದ ಸಾಬಿ ಸ್ಯಾಂಡ್ ಪ್ರದೇಶದ ಲೊಂಡೊಲೋಜಿಯನ್ನು ಹಿಡಿದು ಆ ಭಾಗವನ್ನು ಇಲ್ಲಿ ಬಿಡಿಸಿಡುತ್ತೇವೆ. ವಾರ್ಟಿ ಮನೆತನದ ಕೈಯಲ್ಲಿ ನಾಲ್ಕನೇ ತಲೆಮಾರಿಗೆ ಬಂದಿರುವ ಜಾಗ ಅದು.

ಮೊದಲು ಆ ಸೀಮೆಯ ಹಿನ್ನೆಲೆ. 1896ರ ಹೊತ್ತಿಗೆ ದಕ್ಷಿಣ ಆಫ್ರಿಕಾವನ್ನು ರಿಂಡರ್‌ಪೆಸ್ಟ್ ಬಡಿಯಿತು. ನಮ್ಮ ಕಡೆ ಹಿರಿಯರು ದೊಡ್ಡರೋಗ ಎನ್ನುತ್ತಿದ್ದುದು ಇದನ್ನೇ. ದನಗಳ ಜೊತೆ ಕಾಡೆಮ್ಮೆಗಳೂ ಹೋದವು. 1898ರಲ್ಲಿ ಅಂದಿನ ಟ್ರಾನ್ಸ್‌ವಾಲ್ ಗಣರಾಜ್ಯದ ಅಧ್ಯಕ್ಷ ಪಾಲ್ ಕ್ರೂಗರ್ ಸಾಬಿ ನದಿಯ ಸುತ್ತ ಸಾಬಿ ಗೇಮ್ ರಿಸರ್ವ್ ಎಂಬ ವನ್ಯಪ್ರಾಣಿ ಮೀಸಲು ಕಾಡನ್ನು ಘೋಷಿಸಿದರು. 1902ರಲ್ಲಿ ಜೇಮ್ಸ್ ಸ್ಟೀವನ್‌ಸನ್-ಹ್ಯಾಮಿಲ್ಟನ್ ಅದರ ವಾರ್ಡನ್ ಆಗಿ ಬಂದರು. 1926ರಲ್ಲಿ ಕ್ರೂಗರ್ ರಾಷ್ಟ್ರೀಯ ಉದ್ಯಾನ ಆದಾಗ ಗಡಿಯನ್ನು ಮತ್ತೆ ಎಳೆದರು. ಪಶ್ಚಿಮದ ಖಾಸಗಿ ಜಮೀನುಗಳು ಉದ್ಯಾನದ ಹೊರಗೆ ಉಳಿದವು. ಮಲೇರಿಯಾ, ಸಿಂಹ, ಬರ ಎಲ್ಲ ಸೇರಿ ದನ ಸಾಕಣೆ ಅಲ್ಲಿ ಕೈಕೊಟ್ಟಿತ್ತು, ಹಾಗಾಗಿ ಜಮೀನು ಅಗ್ಗ. ಅದೇ 1926ರಲ್ಲಿ ಚಾರ್ಲ್ಸ್ ವಾರ್ಟಿ ಮತ್ತು ಫ್ರಾಂಕ್ ಅಂಗರ್ ಎಂಬ ಇಬ್ಬರು ಸ್ನೇಹಿತರು ‘ಸ್ಪಾರ್ಟಾ’ ಎಂಬ ಸೋತ ಫಾರಂ ಅನ್ನು ಸಿಂಹದ ಬೇಟೆಗೆಂದು ಕೊಂಡರು. ಮಣ್ಣಿನ ಗುಂಡು ಗುಡಿಸಲು, ಚಳಿಗಾಲದಲ್ಲಿ ಬಂದು ಬೇಟೆಯಾಡಿ ಹೋಗುವುದು, ಅಷ್ಟೇ. ಸಂರಕ್ಷಣೆಯ ಯೋಚನೆ ಆಗ ಯಾರ ತಲೆಯಲ್ಲೂ ಇರಲಿಲ್ಲ. ಈಗಿನ ಬ್ರೋಷರ್‌ಗಳು ಈ ಮಾತನ್ನು ಸ್ವಲ್ಪ ನುಣುಪಾಗಿ ದಾಟಿಬಿಡುತ್ತವೆ.

ಅಕ್ಕಪಕ್ಕದಲ್ಲೂ ಇದೇ ಕಥೆ. 1948ರಲ್ಲಿ ಜಮೀನುದಾರರೆಲ್ಲ ಸೇರಿ ಸಾಬಿ ಸ್ಯಾಂಡ್ ವಿಲ್ಡ್‌ಟೈನ್ ಎಂಬ ಒಕ್ಕೂಟ ಕಟ್ಟಿಕೊಂಡರು. 1964ರಲ್ಲಿ ರಾಟ್ರೆ ಮನೆಯವರು ಮಾಲಾಮಾಲಾ ಕೊಂಡು, ಬಂದೂಕಿನ ಅತಿಥಿಗಳಿಂದ ಕ್ಯಾಮೆರಾದ ಅತಿಥಿಗಳ ಕಡೆಗೆ ಹೊರಳಿದ ಮೊದಲಿಗರ ಸಾಲಿಗೆ ಸೇರಿದರು. ಬೇಲ್ಸ್ ಮನೆತನದ ಜಮೀನಿನಲ್ಲಿ ಸಿಂಗೀಟಾ ಶುರುವಾದದ್ದು 1993ರಲ್ಲಿ.

ವಾರ್ಟಿ ಮನೆಯಲ್ಲಿ ತಿರುವು ಬಂದದ್ದು 1969ರಲ್ಲಿ. ಎರಡನೇ ತಲೆಮಾರಿನ ಬಾಯ್ಡ್ ವಾರ್ಟಿ ತೀರಿಕೊಂಡರು. ಆದಾಯವಿಲ್ಲದ ಜಮೀನು ಮಾರಿಬಿಡಿ ಎಂದು ತಿಳಿದವರ ಸಲಹೆ. ಮಕ್ಕಳಾದ ಜಾನ್ ಮತ್ತು ಡೇವ್ ಇನ್ನೂ ಹರೆಯದ ಹುಡುಗರು, ಮಾರುವುದಿಲ್ಲ ಎಂದರು. ಕೆಲವೇ ವರ್ಷಗಳಲ್ಲಿ ಅಜ್ಜನ ಗುಡಿಸಲುಗಳನ್ನೇ ಬಾಡಿಗೆಗೆ ಕೊಟ್ಟು, ಹಳೆಯ ಲ್ಯಾಂಡ್ ರೋವರ್‌ನಲ್ಲಿ ಜನರನ್ನು ಸುತ್ತಿಸತೊಡಗಿದರು. ತೋರಿಸಲು ಪ್ರಾಣಿಗಳೇ ಇರಲಿಲ್ಲ ಎಂಬುದು ಅವರ ಮೊದಲ ತಲೆನೋವು.

ಪ್ರಾಣಿ ಯಾಕಿರಲಿಲ್ಲ? ಈ ಇತಿಹಾಸದಲ್ಲಿ ನಮಗೆ ಬೇಕಾದದ್ದು ಇದಕ್ಕೆ ಸಿಕ್ಕ ಉತ್ತರವೇ.

ಕಾರಣ ಎರಡು. ಒಂದು ಬೇಲಿ: 1960ರ ದಶಕದ ಆರಂಭಕ್ಕೆ ಕಾಲುಬಾಯಿ ಜ್ವರ ದನಗಳಿಗೆ ಹರಡದಿರಲಿ ಎಂದು ಕ್ರೂಗರ್‌ನ ಪಶ್ಚಿಮ ಗಡಿಗೆ ಬೇಲಿ ಬಿತ್ತು. ಮಳೆ ನೋಡಿಕೊಂಡು ಪೂರ್ವ-ಪಶ್ಚಿಮ ಓಡಾಡುತ್ತಿದ್ದ ವಿಲ್ಡಬೀಸ್ಟ್ ಎಂಬ ದೊಡ್ಡ ಹುಲ್ಲೆಗಳ ಹಿಂಡುಗಳ ದಾರಿ ಕಡಿಯಿತು. ಎರಡನೆಯದು ಮಣ್ಣು. ಇದನ್ನು ಅವರಿಗೆ ತೋರಿಸಿಕೊಟ್ಟವರು ಕೆನ್ ಟಿನ್ಲೆ ಎಂಬ ಪರಿಸರ ವಿಜ್ಞಾನಿ.

ಅಲ್ಲಿಯ ನೆಲ ಗ್ರಾನೈಟ್ ಮೇಲಿನ ಅಲೆಯಲೆಯಾದ ದಿಣ್ಣೆ. ದಿಣ್ಣೆಯ ನೆತ್ತಿಯಲ್ಲಿ ಮರಳು ಮಣ್ಣು, ತಗ್ಗಿನಲ್ಲಿ ಜೇಡಿ. ನೆತ್ತಿಯಲ್ಲಿ ಇಂಗಿದ ಮಳೆನೀರು ಮರಳಿನೊಳಗೆ ಇಳಿಜಾರಿನಲ್ಲಿ ಸರಿದು ಬಂದು, ಜೇಡಿ ಸಿಕ್ಕ ಕಡೆ ಮುಂದೆ ಹೋಗಲಾರದೆ ಮೇಲೆ ಜಿನುಗುತ್ತದೆ. ಇಳಿಜಾರಿನ ಮಧ್ಯೆ ಉದ್ದಕ್ಕೂ ಒಂದು ಒರತೆ ಸಾಲು ಏರ್ಪಡುತ್ತದೆ; ಅಲ್ಲಿ ಬೇರು ಕೊಳೆಯುವಷ್ಟು ತೇವ ಇರುವುದರಿಂದ ಮರ ಬರುವುದಿಲ್ಲ, ಹುಲ್ಲು ಬರುತ್ತದೆ. ಆ ಹುಲ್ಲಿನ ಪಟ್ಟಿಯೇ ಮೇಯುವ ಪ್ರಾಣಿಗಳ ಬಯಲು. ದನ ಅತಿಯಾಗಿ ಮೇದು ನೆಲ ಬತ್ತಲಾಯಿತು. ಗಾಡಿದಾರಿಗಳು ಈ ಒರತೆ ಸಾಲನ್ನು ಕತ್ತರಿಸಿಕೊಂಡು ಇಳಿದವು. ಚಕ್ರದ ಜಾಡಿನಲ್ಲಿ ನೀರು ಓಡಿತು, ಜಾಡು ಕೊರಕಲಾಯಿತು, ಕೊರಕಲು ಒರತೆಗಿಂತ ಆಳಕ್ಕೆ ಹೋಯಿತು. ಆಮೇಲೆ ಅದು ಚರಂಡಿಯಂತೆ ಇಡೀ ಇಳಿಜಾರಿನ ನೀರನ್ನು ಬಸಿದುಬಿಟ್ಟಿತು. ತೇವ ಹೋದ ಮೇಲೆ ಹುಲ್ಲು ಸೋತು ಮುಳ್ಳುಪೊದೆ ನುಗ್ಗಿತು. ಪೊದೆಯಲ್ಲಿ ವಿಲ್ಡಬೀಸ್ಟ್‌ಗೆ ಮೇವೂ ಇಲ್ಲ, ದೂರದಿಂದ ಸಿಂಹ ಕಾಣುವುದೂ ಇಲ್ಲ.

ದುರಸ್ತಿಯನ್ನೂ ಅದೇ ಕ್ರಮದಲ್ಲಿ ಹಿಂದಕ್ಕೆ ಮಾಡಿದರು. ನುಗ್ಗಿದ ಪೊದೆಯನ್ನು ಯಂತ್ರ ಹಾಕಿ ತೆಗೆದರು. ತೆಗೆದ ಮುಳ್ಳನ್ನು ಸುಡದೆ ಕೊರಕಲುಗಳಿಗೇ ತುಂಬಿದರು. ದಾರಿಗಳನ್ನು ಒರತೆ ಸಾಲಿನಿಂದ ನೆತ್ತಿಯ ಕಡೆಗೆ ಸರಿಸಿದರು. ಬತ್ತಲೆ ನೆಲದ ಮೇಲೆ ಮುಳ್ಳುಕೊಂಬೆ ಹರಡಿದರೆ ಮೂರು ಕೆಲಸ ಒಟ್ಟಿಗೆ ಆಗುತ್ತದೆ: ಹರಿಯುವ ನೀರಿನ ವೇಗ ಮುರಿಯುತ್ತದೆ, ಮಣ್ಣು ಮತ್ತು ಬೀಜ ಕೊಂಬೆ ಕೆಳಗೆ ಸಿಕ್ಕಿಕೊಳ್ಳುತ್ತದೆ, ಮೊಳೆತ ಹುಲ್ಲಿಗೆ ಬಾಯಿ ಹಾಕಲು ಪ್ರಾಣಿಗೆ ಆಗುವುದಿಲ್ಲ. ನೀರು ನಿಂತಿತು, ಹುಲ್ಲು ಬಂತು, ಹುಲ್ಲಿನ ಹಿಂದೆ ಮೇಯುವವು, ಅವುಗಳ ಹಿಂದೆ ತಿನ್ನುವವು. ಅತಿಥಿಗಳು ಹಣ ಕೊಟ್ಟು ನೋಡುವುದು ಈ ಸರಪಳಿಯ ಕೊನೆಯ ಕೊಂಡಿಯನ್ನು.

ಇಲ್ಲಿ ಒಂದು ಎಚ್ಚರಿಕೆ. ನೀರು ಅಂದಕೂಡಲೇ ಬೋರ್ ಕೊರೆದು ಹೊಂಡ ತುಂಬಿಸುವುದು ಎಂದು ತಿಳಿಯುವವರು ಎಲ್ಲ ಕಡೆ ಇದ್ದಾರೆ, ಆಫ್ರಿಕಾದಲ್ಲೂ ಇದ್ದರು. ಕ್ರೂಗರ್ ಪಕ್ಕದ ಕ್ಲಾಸೆರಿ ಖಾಸಗಿ ಕಾಡಿನಲ್ಲಿ ಮಾಲೀಕರು ತಮ್ಮ ತಮ್ಮ ಬಿಡಾರದ ಮುಂದೆ ಹೊಂಡ ಮಾಡಿಕೊಂಡು ಕಾಡಿನ ತುಂಬ ನೀರಿನ ಜಾಗ ಮಾಡಿದ್ದರು. 1982-83ರ ಬರದಲ್ಲಿ ಅಲ್ಲಿ ಪ್ರಾಣಿಗಳು ಗುಂಪುಗುಂಪಾಗಿ ಸತ್ತವು, ಬಾಯಾರಿ ಅಲ್ಲ, ಹಸಿದು. ಎಲ್ಲೆಲ್ಲೂ ನೀರಿದ್ದರೆ ಎಲ್ಲೆಲ್ಲೂ ಮೇಯುತ್ತವೆ. ಬರಗಾಲಕ್ಕೆಂದು ದೂರದಲ್ಲಿ ಉಳಿಯಬೇಕಾದ ಹುಲ್ಲು ಒಳ್ಳೆಯ ವರ್ಷದಲ್ಲೇ ಮುಗಿದಿರುತ್ತದೆ. ಕ್ರೂಗರ್‌ನ ಉತ್ತರ ಭಾಗದಲ್ಲಿ ಬೋರ್ ಹೊಂಡಗಳಿಗೆ ಜೀಬ್ರಾ ಬಂದವು, ಜೀಬ್ರಾದ ಹಿಂದೆ ಸಿಂಹ ಬಂತು, ಮೊದಲೇ ಅಪರೂಪವಾಗಿದ್ದ ರೋನ್ ಜಿಂಕೆ ಕುಸಿಯಿತು. 1990ರ ದಶಕದಿಂದ ಉದ್ಯಾನದವರು ಎಷ್ಟೋ ಬೋರ್‌ಗಳನ್ನು ಮುಚ್ಚಿದರು. ರೂಮಿನ ಮುಂದೆ ಹೊಂಡ ತೋಡಿ ಆನೆ ಕರೆಸುತ್ತೇವೆ ಎನ್ನುವ ಯೋಜನೆ ಕಂಡರೆ ಈ ಪ್ರಸಂಗ ನೆನಪಿಸಿ.

ಲೊಂಡೊಲೋಜಿಗೆ ಹೆಸರು ತಂದದ್ದು ಚಿರತೆ. 1979ರಲ್ಲಿ ಒಂದು ಹೆಣ್ಣು ಚಿರತೆ ವಾಹನ ಕಂಡರೂ ಓಡದೆ ನಿಂತಿತು. ಜಾನ್ ವಾರ್ಟಿ ಮತ್ತು ಎಲ್ಮನ್ ಮ್ಲೋಂಗೊ ಎಂಬ, ಅಲ್ಲಿಯ ಶಂಗಾನ್ ಸಮುದಾಯದ ಟ್ರ್ಯಾಕರ್ (ಹೆಜ್ಜೆಗುರುತು ಹಿಡಿದು ಹೋಗುವವರು) ವರ್ಷಗಟ್ಟಲೆ ಅದರ ಹಿಂದೆ ಹೋದರು. ಚಿರತೆ ಹೀಗೆ ಹೊಂದಿಕೊಳ್ಳುವುದು ಮಾಯ ಅಲ್ಲ, ಶಿಸ್ತು. ಹತ್ತಿರ ನುಗ್ಗಬಾರದು, ಅದರ ದಾರಿಗೆ ಅಡ್ಡ ನಿಲ್ಲಬಾರದು, ಬಾಲ ಬೀಸಿದರೆ ಕಿವಿ ಹಿಂದಕ್ಕೆ ಹೋದರೆ ಎಂಜಿನ್ ಹಾಕಿ ಹಿಂದೆ ಸರಿಯಬೇಕು. ತಾಯಿಯ ಜೊತೆ ವಾಹನ ನೋಡುತ್ತಾ ಬೆಳೆದ ಮರಿಗೆ ವಾಹನ ಒಂದು ಬಂಡೆ ಇದ್ದ ಹಾಗೆ. ಆ ಮರಿಗಳ ಮರಿಗಳೇ ಇಂದು ಅಲ್ಲಿ ಓಡಾಡುವುದು, ಹಾಗಾಗಿ ಒಬ್ಬ ಚಾಲಕ ಕೆಟ್ಟದಾಗಿ ನಡೆದುಕೊಂಡರೆ ಕೆಡುವುದು ಒಂದು ದಿನದ ಸಫಾರಿಯಲ್ಲ, ಒಂದು ವಂಶದ ನಂಬಿಕೆ.

ಚಿರತೆಯನ್ನು ಗುರುತಿಸುವ ಅವರ ಲೆಕ್ಕ ನಮ್ಮವರೂ ಕಲಿಯಬೇಕಾದದ್ದು. ಮುಖದ ಎರಡೂ ಬದಿ ಮೀಸೆ ಕೂದಲು ಸಾಲಾಗಿ ಹುಟ್ಟುತ್ತದೆ. ಎಲ್ಲಕ್ಕಿಂತ ಮೇಲಿನ ಮೀಸೆ ಸಾಲಿನ ಮೇಲೆ ಬಿಡಿ ಚುಕ್ಕೆಗಳ ಇನ್ನೊಂದು ಸಾಲಿದೆ. ಆ ಚುಕ್ಕೆಗಳನ್ನು ಮಾತ್ರ ಎಣಿಸಬೇಕು. ಬಲಗಡೆ ಮೂರು, ಎಡಗಡೆ ನಾಲ್ಕು ಇದ್ದರೆ ಆ ಚಿರತೆ 3:4. ಹುಟ್ಟಿದಾಗಿನಿಂದ ಸಾಯುವ ತನಕ ಇದು ಬದಲಾಗುವುದಿಲ್ಲ. ಎರಡು ಚಿರತೆಗೆ ಒಂದೇ ಸಂಖ್ಯೆ ಬರುವುದುಂಟು, ಆಗ ಹಣೆ ಮತ್ತು ಕತ್ತಿನ ಮಚ್ಚೆ ನೋಡಿ ತೀರ್ಮಾನ. ತಪ್ಪಾಗುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ: ಮೀಸೆ ಹುಟ್ಟುವ ಬುಡದ ಕಪ್ಪು ಚುಕ್ಕೆಯನ್ನೂ ಸೇರಿಸಿ ಎಣಿಸುವುದು. ಎರಡೂ ಬದಿಯ ಫೋಟೊ ಇಲ್ಲದೆ ಹೆಸರು ಹೇಳಬಾರದು.

ವಾಹನದ ಮುಂದೆ ಎಡಗಡೆ, ಬಾನೆಟ್ ತುದಿಯಲ್ಲಿ ಒಂದು ಸೀಟು ಇರುತ್ತದೆ, ಅದು ಟ್ರ್ಯಾಕರ್‌ನದು. ಹೆಜ್ಜೆ ಓದುವವನು ಅವನು, ಓಡಿಸುವವನು ಗೈಡ್. ಬೆಳಗ್ಗೆ ಮೂರು ತಾಸು, ಸಂಜೆ ಮೂರು ತಾಸು ಸುತ್ತು. ಒಂದು ಪ್ರಾಣಿಯ ಬಳಿ ಮೂರಕ್ಕಿಂತ ಹೆಚ್ಚು ವಾಹನ ನಿಲ್ಲುವಂತಿಲ್ಲ, ನಾಲ್ಕನೆಯದು ರೇಡಿಯೋದಲ್ಲಿ ಸರದಿ ಹೇಳಿ ದೂರ ಕಾಯಬೇಕು. ದಾರಿ ಬಿಟ್ಟು ಒಳಗೆ ಹೋಗಲು ಅಲ್ಲಿ ಅವಕಾಶವಿದೆ, ಆದರೆ ದೊಡ್ಡ ಬೆಕ್ಕುಗಳಂಥ ಕೆಲವಕ್ಕೆ ಮಾತ್ರ. ಮಳೆಯಾದ ಮೇಲೆ ಇಲ್ಲ, ತಗ್ಗಿನ ಉಪ್ಪುಜೇಡಿ ನೆಲದಲ್ಲಿ ಯಾವತ್ತೂ ಇಲ್ಲ. ಮುಂದಿನ ವಾಹನದ ಜಾಡಿನಲ್ಲೇ ಹೋಗಬಾರದು, ಎರಡನೇ ಸಲಕ್ಕೆ ಅದು ದಾರಿಯಾಗುತ್ತದೆ, ದಾರಿ ಮತ್ತೆ ಕೊರಕಲಾಗುತ್ತದೆ. ರಾತ್ರಿ ಬೆಳಕನ್ನು ಜಿಂಕೆಗಳ ಕಣ್ಣಿಗೆ ಬಿಡಬಾರದು. ಕುರುಡಾದ ಆ ಕೆಲವು ನಿಮಿಷ ಚಿರತೆಗೆ ನಾವು ಕೊಟ್ಟ ಉಡುಗೊರೆಯಾಗುತ್ತದೆ. ಮೂರು ವಾಹನ, ಒಂದೊಂದರಲ್ಲಿ ಬೆರಳೆಣಿಕೆ ಜನ ಎಂದರೆ ಹಾಸಿಗೆಗಳ ಸಂಖ್ಯೆ ತಾನೇ ಕಡಿಮೆಯಾಗಬೇಕು. ಹಾಸಿಗೆ ಕಡಿಮೆಯಾದರೆ ದರ ಏರಲೇಬೇಕು. ಲಕ್ಷುರಿ ಹುಟ್ಟಿದ್ದು ಈ ಲೆಕ್ಕದಿಂದ. 1993ರಲ್ಲಿ ರಿಲೇ ಎ ಶಾಟೊ ಹೋಟೆಲ್ ಕೂಟ ಇವರನ್ನು ಸೇರಿಸಿಕೊಂಡದ್ದು ಆಮೇಲಿನ ಮಾತು. ನಡುವೆ 1990ರ ದಶಕದಿಂದ ಲಾಡ್ಜ್ ನಡೆಸುವ ಹೊಣೆ ಒಂದು ದೊಡ್ಡ ಕಂಪನಿಗೆ ಹೋಗಿತ್ತು, 2007ರಲ್ಲಿ ಮನೆಯವರು ವಾಪಸು ತೆಗೆದುಕೊಂಡರು.

1993 ಇನ್ನೊಂದು ಕಾರಣಕ್ಕೂ ಮುಖ್ಯ. ಆ ವರ್ಷ ಸಾಬಿ ಸ್ಯಾಂಡ್ ಮತ್ತು ಕ್ರೂಗರ್ ನಡುವಿನ ಬೇಲಿ ಕಿತ್ತರು. ಒಕ್ಕೂಟದ ಸುಮಾರು 65,000 ಹೆಕ್ಟೇರ್ ಒಮ್ಮೆಲೇ ಲಕ್ಷಾಂತರ ಹೆಕ್ಟೇರಿನ ಭಾಗವಾಯಿತು. ಒಕ್ಕೂಟದ ಒಳಗೆ ಜಮೀನುದಾರರ ನಡುವೆ ಬೇಲಿ ಮೊದಲೇ ಇರಲಿಲ್ಲ; ಯಾರ ವಾಹನ ಯಾರ ಜಮೀನಿನಲ್ಲಿ ಎಷ್ಟು ದೂರ ಓಡಬಹುದು ಎಂಬುದಕ್ಕೆ ಲಿಖಿತ ಒಪ್ಪಂದಗಳಿದ್ದವು. ಬೇಲಿ ಹೋದ ಮೇಲೆ ಆನೆಗಳು ಬಂದವು, ಬಂದು ಸಂಖ್ಯೆ ಏರಿತು, ಮರೂಲಾ ಮತ್ತು ನಾಬ್‌ಥಾರ್ನ್ ಮರಗಳ ತೊಗಟೆ ಸುಲಿಯತೊಡಗಿದವು. ಆ ಸೀಮೆಯ ಖಾಸಗಿ ಕಾಡುಗಳಲ್ಲಿ ದೊಡ್ಡ ಮರಗಳಿಗೆ ಬುಡದಿಂದ ಆಳೆತ್ತರದ ತನಕ ಕೋಳಿಬಲೆ ತಂತಿ ಸುತ್ತುತ್ತಾರೆ. ಸುಲಿಯುವುದನ್ನು ಅದು ತಡೆಯುತ್ತದೆ, ತಳ್ಳಿ ಬೀಳಿಸುವುದನ್ನು ತಡೆಯುವುದಿಲ್ಲ.

ಈ ‘ಮನೆತನದ ಕಾಡು’ ಎಂಬ ಮಾತಿಗೆ ಇನ್ನೊಂದು ಮುಖವಿದೆ, ಅದನ್ನು ಬಿಟ್ಟು ಬರೆದರೆ ಇತಿಹಾಸ ಅರ್ಧ. 1913ರ ನೇಟಿವ್ಸ್ ಲ್ಯಾಂಡ್ ಆಕ್ಟ್ ಪ್ರಕಾರ ಕರಿಯ ಜನ ತಮಗೆ ಮೀಸಲಿಟ್ಟ ಪ್ರದೇಶದ ಹೊರಗೆ ಜಮೀನು ಕೊಳ್ಳುವಂತಿರಲಿಲ್ಲ. 1926ರಲ್ಲಿ ಜಮೀನು ಅಗ್ಗವಾಗಿದ್ದುದರಲ್ಲಿ ಕೊಳ್ಳುವವರು ಕಡಿಮೆ ಎಂಬುದೂ ಸೇರಿತ್ತು. ಕೊಳ್ಳುವವರು ಕಡಿಮೆಯಾಗಿದ್ದುದರಲ್ಲಿ ಕಾನೂನೂ ಸೇರಿತ್ತು. 1994ರಲ್ಲಿ ಭೂಮಿ ಮರಳಿಸುವ ಕಾಯ್ದೆ ಬಂತು. 2013ರಲ್ಲಿ ಮಾಲಾಮಾಲಾ ಜಮೀನು ಅಲ್ಲಿಯ ಹಣದಲ್ಲಿ ಸುಮಾರು ನೂರು ಕೋಟಿ ರ‍್ಯಾಂಡ್‌ಗೆ ಸರ್ಕಾರದ ಮೂಲಕ ಅಲ್ಲಿಯ ಮೂಲನಿವಾಸಿ ಸಮುದಾಯದ ಕೈಗೆ ಹೋಯಿತು. ಟ್ರ್ಯಾಕರ್ ಸೀಟಿನಲ್ಲಿ ಶಂಗಾನ್ ಜನ, ಹಿಂದಿನ ಸೀಟಿನಲ್ಲಿ ಬೇರೆ ಜನ ಎಂಬ ಚಿತ್ರ ನಮ್ಮ ಸೋಲಿಗರು, ಊರಾಳಿಗಳನ್ನು ಬಲ್ಲವರಿಗೆ ಹೊಸದಲ್ಲ.

ಈಗ ತಾಳವಾಡಿ. ಅಲ್ಲಿಯ ಕಾನೂನು ಇಲ್ಲಿಲ್ಲ. ದಕ್ಷಿಣ ಆಫ್ರಿಕಾದಲ್ಲಿ 1991ರ ಕಾಯ್ದೆಯ ಪ್ರಕಾರ ಸರಿಯಾಗಿ ಬೇಲಿ ಹಾಕಿದ ಜಮೀನಿನ ಪ್ರಾಣಿಯ ಮೇಲೆ ಮಾಲೀಕನಿಗೆ ಹಕ್ಕು ಉಳಿಯುತ್ತದೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯಡಿ ಸತ್ತು ಸಿಕ್ಕ ಪ್ರಾಣಿಯೂ ಸರ್ಕಾರದ ಸ್ವತ್ತು. ತಮಿಳುನಾಡಿನ ಭೂಮಿತಿ ಕಾಯ್ದೆ 1970ರ ತಿದ್ದುಪಡಿಯ ನಂತರ ಐದು ಜನರ ಕುಟುಂಬ ಇಟ್ಟುಕೊಳ್ಳಬಹುದಾದದ್ದು 15 ಸ್ಟ್ಯಾಂಡರ್ಡ್ ಎಕರೆ (ಜಮೀನಿನ ಗುಣಕ್ಕೆ ತಕ್ಕಂತೆ ಲೆಕ್ಕ ಹಾಕುವ ಎಕರೆ). ಸತ್ಯಮಂಗಲ 2013ರಿಂದ ಹುಲಿ ಸಂರಕ್ಷಿತ ಪ್ರದೇಶ. ಹುಲಿ ಕಾಡಿನೊಳಗೆ ರಾತ್ರಿ ಸಫಾರಿ, ದಾರಿ ಬಿಟ್ಟು ಓಡಿಸುವುದು ಇಲ್ಲ. ನೀಲಗಿರಿಯ ಮಸಿನಗುಡಿ ಕಡೆ ಆದದ್ದು ಕಣ್ಣಮುಂದಿದೆ: 2010ರಲ್ಲಿ ಸರ್ಕಾರ ಗುರುತಿಸಿದ ಸೀಗೂರು ಆನೆ ಹಾದಿಯನ್ನು 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು, ಹಾದಿಯಲ್ಲಿದ್ದ ರೆಸಾರ್ಟ್‌ಗಳು ಜಾಗ ಬಿಡಬೇಕೆಂದಿತು. ಕರ್ನಾಟಕದಲ್ಲಿ ಸಫಾರಿ ಲಾಡ್ಜ್ ಬೆಳೆದದ್ದೇ ಬೇರೆ ದಾರಿಯಲ್ಲಿ, 1980ರಲ್ಲಿ ಶುರುವಾದ ಸರ್ಕಾರಿ ಜಂಗಲ್ ಲಾಡ್ಜಸ್ ಮೂಲಕ, ಮೈಸೂರು ಅರಸರ ಬೇಟೆ ಬಂಗಲೆ ಇದ್ದ ಕಬಿನಿಯಲ್ಲಿ. ಮನೆಯವರೇ ಕಾಡು ಬೆಳೆಸಿದ್ದಕ್ಕೆ ಹತ್ತಿರದ ಉದಾಹರಣೆ ಕೊಡಗಿನ ಸಾಯಿ ಸ್ಯಾಂಕ್ಚುರಿ: ಅನಿಲ್ ಮತ್ತು ಪಮೇಲಾ ಮಲ್ಹೋತ್ರಾ ದಂಪತಿ 1991ರಲ್ಲಿ 55 ಎಕರೆಯಿಂದ ಶುರುಮಾಡಿ ಸುಮಾರು 300 ಎಕರೆಗೆ ಮುಟ್ಟಿಸಿದ್ದು.

ಹಾಗಾದರೆ ನಾಲ್ಕೈದು ಎಕರೆ ಅಂಚಿನ ಪಟ್ಟಾ ಜಮೀನಿದ್ದವರು ಲೊಂಡೊಲೋಜಿಯಿಂದ ತರಬಹುದಾದದ್ದು ಮಣ್ಣಿನ ಕೆಲಸ. ಕೊರಕಲಿದ್ದರೆ ತಲೆಯಿಂದ ಶುರುಮಾಡಿ ಕೆಳಕ್ಕೆ ಬನ್ನಿ. ಕೆಳಗೆ ಒಂದು ದೊಡ್ಡ ಒಡ್ಡು ಹಾಕಿದರೆ ಮೇಲಿನ ಬಾಯಿ ಹಿಂದಕ್ಕೆ ತಿನ್ನುತ್ತಲೇ ಇರುತ್ತದೆ, ಒಡ್ಡು ಎರಡು ಮಳೆಗೆ ಹೂತುಹೋಗುತ್ತದೆ. ಸಣ್ಣ ಕಲ್ಲುತಡೆಗಳ ಸಾಲು ಬೇಕು. ಎತ್ತರ 60 ಸೆಂ.ಮೀ. ಸಾಕು. ಎರಡು ತಡೆಗಳ ಅಂತರಕ್ಕೆ ಲೆಕ್ಕ: ಕೆಳಗಿನ ತಡೆಯ ನೆತ್ತಿ ಮೇಲಿನ ತಡೆಯ ಬುಡದ ಮಟ್ಟಕ್ಕೆ ಬರಬೇಕು. ನೂರು ಅಡಿಗೆ ಐದು ಅಡಿ ಇಳಿಯುವ ಹಳ್ಳದಲ್ಲಿ 60 ಸೆಂ.ಮೀ. ತಡೆಗೆ 12 ಮೀಟರ್ ಅಂತರ. ಮಧ್ಯಭಾಗ ಅಂಚಿಗಿಂತ 20 ಸೆಂ.ಮೀ. ತಗ್ಗಿರಲಿ, ಇಲ್ಲದಿದ್ದರೆ ನೀರು ಪಕ್ಕದಿಂದ ಸುತ್ತಿ ದಂಡೆ ಕೊರೆಯುತ್ತದೆ; ತಡೆಗಳು ಸೋಲುವುದು ಹೆಚ್ಚಾಗಿ ಇಲ್ಲೇ. ಎರಡೂ ದಂಡೆಯೊಳಗೆ ಒಂದೊಂದು ಅಡಿ ಕಲ್ಲು ಹುದುಗಿಸಿ. ನೀರು ಬೀಳುವ ಕಡೆ ತಡೆಯ ಎತ್ತರದಷ್ಟಾದರೂ ಉದ್ದಕ್ಕೆ ಚಪ್ಪಟೆ ಕಲ್ಲು ಹಾಸಿ. ಕಲ್ಲನ್ನು ನಿಮ್ಮ ಜಮೀನಿಂದಲೇ ತರಬೇಕು, ಕಾಡಿನಿಂದ ಒಂದು ಕಲ್ಲು ತಂದರೂ ಕೇಸು. ಆನೆ ಕಂದಕ ಹಳ್ಳಕ್ಕೆ ಅಡ್ಡ ಬಂದ ಕಡೆ ಇದೇ ಕೆಲಸ ಎರಡು ಪಟ್ಟು ಬೇಕು, ಯಾಕೆಂದರೆ ಇಳಿಜಾರಿನಲ್ಲಿ ತೋಡಿದ ಕಂದಕವೇ ಮಳೆಗಾಲದಲ್ಲಿ ಕಾಲುವೆಯಾಗಿ ಹಳ್ಳದ ದಂಡೆ ಒಡೆಯುತ್ತದೆ, ಒಡೆದ ಜಾಗವೇ ಆನೆಗೆ ಬಾಗಿಲು.

ನಮ್ಮ ಕಡೆ ನುಗ್ಗುವ ಪೊದೆ ಲಂಟಾನ. ಅದನ್ನು ಮಚ್ಚಿನಿಂದ ಸವರಿದರೆ ಆರು ತಿಂಗಳಲ್ಲಿ ಮೊದಲಿಗಿಂತ ದಟ್ಟವಾಗಿ ಬರುತ್ತದೆ, ಬೆಂಕಿ ಹಾಕಿದರೂ ಅಷ್ಟೇ. ಚಿಗುರುವ ಶಕ್ತಿ ಇರುವುದು ಕಾಂಡ ಮತ್ತು ಬೇರು ಕೂಡುವ ಗಂಟಿನಲ್ಲಿ. ಆ ಗಂಟಿನ ಕೆಳಗೆ, ಅಂದರೆ ನೆಲಮಟ್ಟದಿಂದ 3ರಿಂದ 5 ಸೆಂ.ಮೀ. ಒಳಗೆ ತಾಯಿಬೇರನ್ನು ಗುದ್ದಲಿಯಿಂದ ಕಡಿದು, ಪೊದೆಯನ್ನು ಬುಡಮೇಲು ಮಾಡಿ ಇಡಬೇಕು; ಗಂಟು ಮಣ್ಣು ಮುಟ್ಟಿದರೆ ಮತ್ತೆ ಬೇರು ಬಿಡುತ್ತದೆ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಅವರ ತಂಡ ರೂಪಿಸಿದ ಕ್ರಮ ಇದು. ಹಣ್ಣಾಗುವ ಮೊದಲು ಮಾಡಿ, ಮಣ್ಣು ಮೆತ್ತಗಿದ್ದಾಗ ಮಾಡಿ. ಒಣಗಿದ ಪೊದೆಯನ್ನು ಬತ್ತಲೆ ನೆಲಕ್ಕೆ ಹೊದಿಸಿ, ಅಡಿಯಲ್ಲಿ ಆ ಜಾಗದ್ದೇ ಹುಲ್ಲಿನ ಬೀಜ ಉದುರಿಸಿ; ತೆಗೆದು ಖಾಲಿ ಬಿಟ್ಟ ನೆಲಕ್ಕೆ ಪಾರ್ಥೇನಿಯಂ ಬರುತ್ತದೆ. ಮರದ ಕೆಳಗೆ ಹಕ್ಕಿ ಹಿಕ್ಕೆಯಿಂದ ಹುಟ್ಟುವ ಸಸಿಗಳನ್ನು ಕನಿಷ್ಠ ಮೂರು ವರ್ಷ ಕೀಳುತ್ತಿರಬೇಕು. ಗಟ್ಟಿ ಕಡ್ಡಿಗಳನ್ನು ಎಸೆಯಬೇಡಿ, ಗೂಡಲೂರು ಭಾಗದಲ್ಲಿ ಆದಿವಾಸಿ ಕುಶಲಕರ್ಮಿಗಳು ಅದರಿಂದಲೇ ಆಳೆತ್ತರ ಮೀರಿದ ಆನೆಗಳನ್ನು ಮಾಡಿ ಲಂಡನ್‌ವರೆಗೆ ಕಳಿಸಿದ್ದಾರೆ.

ದಾರಿ ಇನ್ನೂ ಹಾಕಿಲ್ಲವಾದರೆ ಒಂದು ಮಳೆ ಕಾಯಿರಿ. ಮಳೆ ನಿಂತ ಮೇಲೆ ಎಲ್ಲಿ ನೆಲ ಕಾಲಿಗೆ ಮೆತ್ತಗೆ ಸಿಗುತ್ತದೋ ಅಲ್ಲಿ ಗೂಟ ಹೊಡೆದು ಸಾಲು ಗುರುತಿಸಿ, ದಾರಿಯನ್ನು ಅದಕ್ಕಿಂತ ಮೇಲೆ, ದಿಣ್ಣೆಯ ನೆತ್ತಿಯಲ್ಲಿ ಎಳೆಯಿರಿ. ಇಳಿಜಾರು ದಾಟಲೇಬೇಕಾದ ಕಡೆ 20-30 ಮೀಟರಿಗೊಂದು ಅಡ್ಡ ದಿಬ್ಬ ಕೊಟ್ಟು ನೀರನ್ನು ಹುಲ್ಲಿಗೆ ತಿರುಗಿಸಿ, ಹಳ್ಳಕ್ಕಲ್ಲ.